ದೀರ್ಘ ಉಸಿರು ಅಂದರೆ ದೊಡ್ಡ ಉಸಿರಲ್ಲ: ದಿನಕ್ಕೆ 20 ನಿಮಿಷದ ಉಸಿರಿನ ಧ್ಯಾನ

ತುಂಗಾತೀರ

ಉಸಿರಿನ ಧ್ಯಾನ ಹೇಗೆ ಶುರು ಮಾಡುವುದು ಅಂತ ಇಲ್ಲಿ ಮತ್ತೆ ಮತ್ತೆ ಪ್ರಶ್ನೆ ಬರುತ್ತಿದೆ. ಗೊತ್ತಿರುವವರೆಲ್ಲ ಸೇರಿ ಒಂದೇ ಕಡೆ ಬರೆದಿಡೋಣ. ಮೊದಲು ನಾನು ಕ್ರಮ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ದಿನಕ್ಕೆ 20 ನಿಮಿಷ. ಹೊತ್ತು ಮತ್ತು ಜಾಗ ದಿನವೂ ಒಂದೇ ಇರಲಿ. ಬೆಳಗ್ಗೆ ಶೌಚ, ಹಲ್ಲುಜ್ಜುವುದು ಮುಗಿದ ಮೇಲೆ, ಕಾಫಿಗೆ ಮೊದಲು ಕೂರುವುದು ಒಳ್ಳೆಯದು. ಸಂಜೆ ಕೂರುವುದಾದರೆ ಊಟವಾಗಿ ಮೂರು ಗಂಟೆ ಕಳೆದಿರಬೇಕು. ಹೊಟ್ಟೆ ತುಂಬಿದ್ದಾಗ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗ ಸಿಗದೆ ಉಸಿರು ಎದೆಯಲ್ಲೇ ನಿಲ್ಲುತ್ತದೆ.

ಕಂಬಳಿಯನ್ನು ಮಡಿಸಿ, ಕೂತು ಅದುಮಿದ ಮೇಲೂ 3–4 ಅಂಗುಲ ಎತ್ತರ ಉಳಿಯುವಂತೆ ಮಾಡಿಕೊಳ್ಳಿ. ಅದರ ಮುಂಭಾಗದ ಅಂಚಿನಲ್ಲಿ ಕೂತು ಚಕ್ಕಳಮಕ್ಕಳ ಹಾಕಿ. ಮಂಡಿ ಸೊಂಟಕ್ಕಿಂತ ಕೆಳಗಿರಬೇಕು, ಇಲ್ಲಿ ರಾಜಿ ಬೇಡ. ಮಂಡಿ ಮೇಲಿದ್ದರೆ ಸೊಂಟ ಹಿಂದಕ್ಕೆ ಉರುಳಿ ಬೆನ್ನು ಗೂನಾಗುತ್ತದೆ. ಹತ್ತು ನಿಮಿಷದಲ್ಲಿ ನೋವು, ಹದಿನೈದಕ್ಕೆ ತೂಕಡಿಕೆ.

ಇಪ್ಪತ್ತು ನಿಮಿಷ ಹಂಚುವುದು ಹೀಗೆ: 2 ನಿಮಿಷ ಸುಮ್ಮನೆ ಕೂತು ದವಡೆ, ನಾಲಿಗೆ, ಭುಜ ಸಡಿಲ ಬಿಡುವುದು. 5 ನಿಮಿಷ ಉಸಿರು ಬಿಡುವುದನ್ನು ಉದ್ದ ಮಾಡುವುದು. 12 ನಿಮಿಷ ಉಸಿರನ್ನು ಅದರ ಪಾಡಿಗೆ ಬಿಟ್ಟು ಗಮನಿಸುವುದು. ಕೊನೆಯ 1 ನಿಮಿಷ ಎಣಿಕೆಯೂ ಇಲ್ಲದೆ ಕೂತು, ನಿಧಾನವಾಗಿ ಕಣ್ಣು ಬಿಟ್ಟು ಏಳುವುದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಟೈಮರ್ ಇಡಿ, ಸದ್ದು ಮೆಲುವಾಗಿರಲಿ. ಊದುಬತ್ತಿ ಹಚ್ಚುವ ಅಭ್ಯಾಸ ನಮ್ಮ ಮನೆಗಳಲ್ಲಿದೆ, ಆದರೆ ಉಸಿರಿನ ಮೇಲೇ ಕೆಲಸ ಮಾಡುವ ಈ ಹೊತ್ತಿಗೆ ಬೇಡ. ಹೊಗೆ ಗಂಟಲು, ಶ್ವಾಸನಾಳ ಎರಡನ್ನೂ ಕೆರಳಿಸುತ್ತದೆ. ದೇವರ ಕೋಣೆಯಲ್ಲಿ ಕೂರುವವರು ಪೂಜೆಗೆ ಮೊದಲೇ ಕೂತುಬಿಡಿ.

ಹುಬ್ಬಳ್ಳಿ ಗಾಳಿ

ಛಲೋ ಬರದೀರಿ ಸರ್. ಒಂದು ಕೇಳೂದೈತಿ. ಎಲ್ಲಾ ಕಡೆ "ಆಳವಾಗಿ ಉಸಿರು ತಗೋರಿ, ಪೂರ್ತಿ ತುಂಬಿಸ್ರಿ" ಅಂತಾರ. ಹಂಗ ಮಾಡಿದ್ರ ನಾಕೈದು ನಿಮಿಷಕ್ಕ ತಲಿ ತಿರಗತೈತಿ, ಬೆರಳ ತುದಿ, ತುಟಿ ಸುತ್ತ ಜುಮ್ ಅಂತಾವ. ಇದಕ್ಕ ಶಕ್ತಿ ಏರೂದು ಅನ್ನೋರೂ ಅದಾರ. ಖರೇನ ಏನಾಗತೈತ್ರೀ?

ಉಸಿರಿನ ಲೆಕ್ಕ

ಶಕ್ತಿ ಏರುವುದಲ್ಲ ಸರ್. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದ್ದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದಿದೆ, ಅಷ್ಟೇ. ಅದು ಇಳಿದಾಗ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ತಿರುಗುತ್ತದೆ. ನರಗಳು ಕೆರಳಿ ತುಟಿ, ಬೆರಳು ಜುಮ್ಮೆನ್ನುತ್ತವೆ. ಆಮ್ಲಜನಕ ಹೆಚ್ಚಾಗಲಿ ಅಂತ ಮಾಡುವುದಾದರೆ, ಆರೋಗ್ಯವಂತರ ರಕ್ತ ತಾನು ಹೊರಬಲ್ಲ ಆಮ್ಲಜನಕದ ಶೇ. 95ಕ್ಕಿಂತ ಹೆಚ್ಚನ್ನು ಕೂತಲ್ಲೇ ಹೊತ್ತಿರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಿದ ಹಾಗೆ.

ಇದನ್ನು ಒಂದು ಸಲ ಲೆಕ್ಕ ಹಾಕಿ ನೋಡಿದರೆ ಗೊಂದಲವೇ ಉಳಿಯುವುದಿಲ್ಲ. ಸುಮ್ಮನೆ ಕೂತ ದೊಡ್ಡವರು ಒಂದು ಉಸಿರಿಗೆ ಸುಮಾರು 500 ಮಿ.ಲೀ. ಗಾಳಿ ಒಳಗೆಳೆಯುತ್ತಾರೆ. ಅದರಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳದಲ್ಲೇ ನಿಂತು ವಾಪಸ್ ಹೋಗುತ್ತದೆ. ಕೆಲಸಕ್ಕೆ ಬರುವುದು 350. ನಿಮಿಷಕ್ಕೆ 12 ಉಸಿರಾದರೆ 4,200 ಮಿ.ಲೀ. ಈಗ ನಿಮಿಷಕ್ಕೆ 6 ಉಸಿರಿಗೆ ಇಳಿಸಿದ್ದೇವೆ ಅನ್ನಿ. ಅದೇ 4,200 ಸಿಗಬೇಕಾದರೆ ಒಂದು ಉಸಿರಿಗೆ 700, ಜೊತೆಗೆ ದಾರಿಯಲ್ಲಿ ನಿಲ್ಲುವ 150. ಒಟ್ಟು 850 ಮಿ.ಲೀ. ಮಾಮೂಲಿ ಉಸಿರಿನ ಎರಡರಷ್ಟೂ ಇಲ್ಲ! "ಪೂರ್ತಿ ತುಂಬಿಸಿ" ಅಂತ ಎರಡು ಲೀಟರ್ ಎಳೆದರೆ ಬೇಕಾದ್ದರ ಎರಡೂವರೆ ಪಟ್ಟಿಗೂ ಮಿಕ್ಕಿ ಆಗುತ್ತದೆ. ತಲೆ ತಿರುಗದೆ ಇನ್ನೇನಾದೀತು?

ತಲೆ ತಿರುಗಿದಾಗ ಉಸಿರು ಹಿಡಿಯಲು ಹೋಗಬೇಡಿ. ಎಣಿಕೆ ಬಿಟ್ಟು, ಬಾಯಿ ಮುಚ್ಚಿ ಚಿಕ್ಕದಾಗಿ ಉಸಿರಾಡಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಮಾರನೆಯ ದಿನ ಅದೇ ಎಣಿಕೆಯನ್ನು ಇನ್ನೂ ಸಣ್ಣ ಉಸಿರಿನಲ್ಲಿ ಮಾಡಿ.

ಮೈಸೂರು ಮಣೆ

ಲೆಕ್ಕ ಬಹಳ ಚೆನ್ನಾಗಿ ಕೊಟ್ಟಿದ್ದೀರಿ. ಯೋಗಸೂತ್ರ ಹೇಳುವುದೂ ಇದನ್ನೇ. ಎರಡನೆಯ ಪಾದದ 50ನೇ ಸೂತ್ರದಲ್ಲಿ ದೇಶ (ಅಂದರೆ ಜಾಗ), ಕಾಲ, ಸಂಖ್ಯೆ ಈ ಮೂರರಿಂದ ಗಮನಿಸಿದ ಉಸಿರು "ದೀರ್ಘಸೂಕ್ಷ್ಮ" ಆಗುತ್ತದೆ ಎಂದಿದೆ. ದೀರ್ಘವೂ ಹೌದು, ಸೂಕ್ಷ್ಮವೂ ಹೌದು. ಕಾಲದಲ್ಲಿ ಉದ್ದ, ಗಾತ್ರದಲ್ಲಿ ಸಣ್ಣ. ಕಲಿಸುವವರು "ದೀರ್ಘ"ವನ್ನು ಮಾತ್ರ ಹಿಡಿದು ಅದನ್ನು "ಆಳ" ಎಂದು ಹೇಳಿಬಿಡುತ್ತಾರೆ, ಸೂಕ್ಷ್ಮ ಬಿಟ್ಟುಹೋಗುತ್ತದೆ. ಅರ್ಧದಷ್ಟು ತೊಂದರೆ ಇಲ್ಲಿಂದಲೇ.

ಪರೀಕ್ಷೆ ಸುಲಭ. ತೋರುಬೆರಳನ್ನು ಮೂಗಿನ ಕೆಳಗೆ ನಾಲ್ಕು ಬೆರಳು ಅಗಲದಷ್ಟು ದೂರ ಹಿಡಿಯಿರಿ. ಬಿಡುವ ಗಾಳಿ ರಭಸವಾಗಿ ತಗುಲಿದರೆ ಉಸಿರು ದೊಡ್ಡದಾಯಿತು. ತಗುಲಿತೋ ಇಲ್ಲವೋ ಅನ್ನುವಷ್ಟಿದ್ದರೆ ಸರಿ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಉಸಿರಿನ ಸದ್ದು ಕೇಳಬಾರದು.

ತುಂಗಾತೀರ ಅವರು ಹೇಳಿದ 5 ನಿಮಿಷದಲ್ಲಿ ನಾಡಿಶೋಧನ, ಅಂದರೆ ಒಂದೊಂದೇ ಹೊಳ್ಳೆಯಿಂದ ಸರದಿಯ ಉಸಿರಾಟ, ಮಾಡಬಹುದು. ಬಲಗೈಯ ತೋರುಬೆರಳು, ನಡುಬೆರಳು ಮಡಿಸಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರ ಬೆರಳು ಮತ್ತು ಕಿರುಬೆರಳು ಸೇರಿ ಎಡ ಹೊಳ್ಳೆಗೆ. ಒತ್ತುವ ಜಾಗ ಮುಖ್ಯ. ಮೂಗಿನ ಗಟ್ಟಿ ಮೂಳೆ ಮುಗಿದು ಮೆತ್ತಗಿನ ಭಾಗ ಶುರುವಾಗುವಲ್ಲಿ ಬೆರಳಿನ ತುದಿ ಇಡಿ. ಹೂವಿನ ಎಸಳು ಹಿಡಿಯುವಷ್ಟು ಒತ್ತಡ ಸಾಕು. ಬಹಳ ಮಂದಿ ಮೂಗಿನ ತುದಿಯನ್ನೇ ಹಿಂಡಿ ಒಂದು ಪಕ್ಕಕ್ಕೆ ತಳ್ಳುತ್ತಾರೆ. ಆಗ ತೆರೆದಿರಬೇಕಾದ ಹೊಳ್ಳೆಯೂ ಓರೆಯಾಗಿ ಕಿರಿದಾಗುತ್ತದೆ, ಕತ್ತೂ ವಾಲುತ್ತದೆ. ಮೊಣಕೈಯನ್ನು ಮೇಲೆತ್ತದೆ ಪಕ್ಕೆಯ ಹತ್ತಿರ ಇಳಿಬಿಡಿ, ಭುಜ ನೋಯುವುದಿಲ್ಲ.

ಎಡದಿಂದ ಒಳಗೆ, ಬಲದಿಂದ ಹೊರಗೆ, ಬಲದಿಂದ ಒಳಗೆ, ಎಡದಿಂದ ಹೊರಗೆ. ಇದು ಒಂದು ಸುತ್ತು. 4 ಎಣಿಕೆ ಒಳಗೆ, 6 ಎಣಿಕೆ ಹೊರಗೆ ಆದರೆ ಒಂದು ಸುತ್ತಿಗೆ 20 ಸೆಕೆಂಡು, ಐದು ನಿಮಿಷಕ್ಕೆ 15 ಸುತ್ತು. ಕುಂಭಕ (ಉಸಿರು ಹಿಡಿದಿಡುವುದು) ಬೇಡ. ಪುಸ್ತಕಗಳಲ್ಲಿ 1:4:2 ಅಂತ ಇರುತ್ತದೆ, 16 ಎಣಿಕೆ ಪೂರಕ (ಎಳೆಯುವುದು), 64 ಕುಂಭಕ, 32 ರೇಚಕ (ಬಿಡುವುದು). ಅದು ಗುರುಗಳ ಎದುರು ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ. ಹಠಯೋಗಪ್ರದೀಪಿಕೆಯ ಎರಡನೆಯ ಅಧ್ಯಾಯದಲ್ಲೇ ಎಚ್ಚರಿಕೆ ಇದೆ: ಸಿಂಹ, ಆನೆ, ಹುಲಿಗಳನ್ನು ಪಳಗಿಸುವ ಹಾಗೆ ಉಸಿರನ್ನು ಮೆಲ್ಲಮೆಲ್ಲನೆ ಒಲಿಸಿಕೊಳ್ಳಬೇಕು. ತಪ್ಪಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ-ಕಿವಿ-ಕಣ್ಣುಗಳ ನೋವು ಎಂದು ಪಟ್ಟಿಯನ್ನೇ ಕೊಟ್ಟಿದೆ.

ಮಂಡ್ಯದ ಭಾಗ್ಯ

4:6 ನೇರವಾಗಿ ಶುರು ಮಾಡಿದರೆ ಹೊಸಬರಿಗೆ ಉಸಿರು ಕಟ್ಟಿದ ಹಾಗಾಗುತ್ತೆ ಸರ್. ಬಿಟ್ಟು ಮುಗಿಸುವಷ್ಟರಲ್ಲಿ ಮುಂದಿನ ಉಸಿರನ್ನು ಗಬಕ್ಕನೆ ಎಳೆಯುವಂತಾಗುತ್ತೆ.

ಉಸಿರಿನ ಲೆಕ್ಕ

ಸರಿಯಾಗಿ ಹೇಳಿದಿರಿ ಭಾಗ್ಯ ಮೇಡಂ. ಆ ಗಬಕ್ಕನೆ ಎಳೆಯುವುದೇ ಎಣಿಕೆ ಜಾಸ್ತಿಯಾಯಿತು ಅನ್ನುವ ಗುರುತು. ಮೊದಲು ಒಂದು ನಿಮಿಷ ಮಾಮೂಲಿ ಉಸಿರು ಎಣಿಸಿ. ಸಾಮಾನ್ಯವಾಗಿ 12ರಿಂದ 20ರ ಒಳಗಿರುತ್ತದೆ. 16 ಇದ್ದವರನ್ನು ಒಂದೇ ದಿನಕ್ಕೆ 6ಕ್ಕೆ ತಂದರೆ ದೇಹ ಒಪ್ಪುವುದಿಲ್ಲ. ಮೊದಲ ಎರಡು ವಾರ 3:4, ಆಮೇಲೆ ಎರಡು ವಾರ 4:5, ಆಮೇಲೆ 4:6. ಅಲ್ಲಿಗೆ ನಿಲ್ಲಿಸಿ. ಎಣಿಕೆಗೆ ಗಡಿಯಾರದ ಟಿಕ್ ಟಿಕ್ ಸದ್ದು ಇದ್ದರೆ ಒಳ್ಳೆಯದು. ಮನಸ್ಸು ಗಡಿಬಿಡಿಯಲ್ಲಿದ್ದಾಗ ನಾವು ಎಣಿಸುವ "ಆರು" ನಾಲ್ಕೇ ಸೆಕೆಂಡಿಗೆ ಮುಗಿದಿರುತ್ತದೆ.

ಬಿಡುವುದು ಯಾಕೆ ಉದ್ದ ಇರಬೇಕು ಅಂದರೆ, ಉಸಿರು ಎಳೆದಾಗ ಹೃದಯದ ಬಡಿತ ತುಸು ವೇಗವಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಬಿಡುವ ಹೊತ್ತಿನಲ್ಲಿ, ಬಡಿತವನ್ನು ತಗ್ಗಿಸುವ ವೇಗಸ್ ನರದ ಹಿಡಿತ ಬಲವಾಗುವುದು ಇದಕ್ಕೆ ಕಾರಣ. ಮಣಿಕಟ್ಟಿನ ನಾಡಿ ಹಿಡಿದು ಹತ್ತು ಉಸಿರು ನೋಡಿ, ಬೆರಳಿಗೇ ತಿಳಿಯುತ್ತದೆ. ನಿಮಿಷಕ್ಕೆ ಆರರ ಆಸುಪಾಸಿನಲ್ಲಿ ಈ ಏರಿಳಿತ ಅತಿ ಹೆಚ್ಚು. ಕೆಲವರಿಗೆ ಐದಾಗಿರಬಹುದು, ಕೆಲವರಿಗೆ ಆರೂವರೆ. ಆರು ಅನ್ನುವುದು ವ್ರತವಲ್ಲ.

ಅರಿವಿನ ಉಸಿರು

ಇಷ್ಟು ಹೊತ್ತೂ ಎಲ್ಲರೂ ಉಸಿರನ್ನು ಹೇಗೆ ನಡೆಸಬೇಕು ಅಂತ ಬರೆದಿರಿ. ನನಗೆ ಇದರಲ್ಲಿ ಭಿನ್ನಾಭಿಪ್ರಾಯ ಇದೆ. ಮನಸ್ಸಿಗೆ ನೆಮ್ಮದಿ ಬರುವುದು ಉಸಿರನ್ನು ನಡೆಸುವುದರಿಂದಲ್ಲ, ಅದನ್ನು ಇದ್ದ ಹಾಗೆ ತಿಳಿಯುವುದರಿಂದ. ಪಾಲಿ ಭಾಷೆಯ ಆನಾಪಾನಸತಿ (ಉಸಿರಿನ ಅರಿವು) ಸುತ್ತದಲ್ಲಿ, ಅಂದರೆ ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 118ನೇ ಸುತ್ತದಲ್ಲಿ, 16 ಹಂತಗಳಿವೆ. ಮೊದಲ ಎರಡು: ಉದ್ದ ಉಸಿರನ್ನು ಉದ್ದ ಎಂದು ತಿಳಿಯುವುದು, ಗಿಡ್ಡ ಉಸಿರನ್ನು ಗಿಡ್ಡ ಎಂದು ತಿಳಿಯುವುದು. ಗಿಡ್ಡದ್ದನ್ನು ಉದ್ದ ಮಾಡು ಅಂತ ಅಲ್ಲಿಲ್ಲ. ವಿಪಶ್ಯನ ಧ್ಯಾನದ ಹತ್ತು ದಿನದ ಶಿಬಿರಗಳಲ್ಲೂ ಮೊದಲ ಮೂರು ದಿನ ಸಹಜ ಉಸಿರನ್ನು ನೋಡುವುದೇ ಕೆಲಸ. ಎಣಿಕೆಯೂ ಇಲ್ಲ, ಮಂತ್ರವೂ ಇಲ್ಲ.

ಮೈಸೂರು ಮಣೆ

ನಿಮ್ಮ ಮಾತು ಒಪ್ಪುತ್ತೇನೆ. ಆದರೆ ದಿನವಿಡೀ ಟ್ರಾಫಿಕ್ಕು, ಫೋನು ಅಂತ ಓಡಾಡಿ ಬಂದವರನ್ನು ನೇರವಾಗಿ ಸಹಜ ಉಸಿರು ನೋಡಿ ಅಂತ ಕೂರಿಸಿದರೆ ಎರಡೇ ನಿಮಿಷಕ್ಕೆ ಲೆಕ್ಕಾಚಾರ, ಜಗಳ, ನಾಳೆಯ ಮೀಟಿಂಗ್ ಎಲ್ಲ ಬಂದು ಕೂರುತ್ತವೆ. ಮೊದಲು ಐದು ನಿಮಿಷ ಉಸಿರನ್ನು ಹದ ಮಾಡುವುದು, ಆಮೇಲೆ ಬಿಟ್ಟುಬಿಡುವುದು. ಶಾಲೆಗೆ ಹೋಗುವ ಮಗುವನ್ನು ಗೇಟಿನ ತನಕ ಕೈಹಿಡಿದು ಬಿಟ್ಟು ಬರುವ ಹಾಗೆ.

ಅರಿವಿನ ಉಸಿರು

ಹಾಗಾದರೆ ಒಪ್ಪೋಣ. ಒಂದು ಷರತ್ತು: ಎರಡನ್ನೂ ಬೆರೆಸಬಾರದು. ಐದು ನಿಮಿಷ ಮುಗಿದ ಮೇಲೆ ಕೈ ತೊಡೆಯ ಮೇಲೆ ಬರಲಿ, 4:6 ಎಣಿಕೆ ನಿಲ್ಲಲಿ. ಮುಂದಿನ ಉಸಿರು ಗಿಡ್ಡ ಬಂದರೂ ಮುಟ್ಟಬೇಡಿ. ಹದ ಮಾಡಿದ್ದು ಕೆಡುತ್ತಿದೆ ಎಂದು ಮತ್ತೆ ತಿದ್ದಲು ಹೋದರೆ ಹನ್ನೆರಡು ನಿಮಿಷವೂ ತಿದ್ದುಪಡಿಯಲ್ಲೇ ಕಳೆಯುತ್ತದೆ.

ನೋಡುವಾಗ ಹೊಸಬರು ಎಣಿಸಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಈ ಎಣಿಕೆ ಸೆಕೆಂಡಿನದಲ್ಲ, ಉಸಿರಿನದು. ಬುದ್ಧಘೋಷರ ಹಳೆಯ ಪಾಲಿ ಗ್ರಂಥ ವಿಶುದ್ಧಿಮಗ್ಗದಲ್ಲಿ ಇದರ ನಿಯಮ ಸ್ಪಷ್ಟ ಇದೆ. ಐದಕ್ಕಿಂತ ಕಡಿಮೆಗೆ ನಿಲ್ಲಿಸಬಾರದು, ಹತ್ತನ್ನು ದಾಟಬಾರದು, ನಡುವೆ ಹಾರಿಸಬಾರದು. ಐದಕ್ಕಿಂತ ಕಡಿಮೆಯಾದರೆ ಇಕ್ಕಟ್ಟಿನ ದೊಡ್ಡಿಯಲ್ಲಿ ಕೂಡಿದ ದನಗಳ ಹಾಗೆ ಮನಸ್ಸು ಒದ್ದಾಡುತ್ತದೆ. ಹತ್ತು ದಾಟಿದರೆ ಮನಸ್ಸು ಉಸಿರನ್ನು ಬಿಟ್ಟು ಅಂಕಿಯನ್ನೇ ಹಿಡಿದುಕೊಳ್ಳುತ್ತದೆ.

ಅದರಲ್ಲೇ ಎರಡು ಬಗೆಯ ಎಣಿಕೆ ಹೇಳಿದ್ದಾರೆ. ಮೊದಲಿಗೆ ಕಾಳು ಅಳೆಯುವವರ ಎಣಿಕೆ, ಅದು ನಿಧಾನ. ಕಣದಲ್ಲಿ ರಾಗಿ ಅಳೆಯುವುದನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಕೊಳಗ ತುಂಬಿ, ಸುರಿದು, ಪೂರ್ತಿ ಖಾಲಿಯಾದ ಮೇಲೆ "ಲಾಭ" ಅನ್ನುತ್ತಾರೆ, ಒಂದು ಅನ್ನುವುದಿಲ್ಲ. ಮುಂದಿನ ಕೊಳಗ ಸುರಿಯುವ ತನಕ "ಲಾಭ, ಲಾಭ" ಅಂತಲೇ ಇರುತ್ತಾರೆ, ಆಮೇಲೆ "ಎರಡು, ಎರಡು". ಉಸಿರೂ ಹಾಗೆ. ಒಳಗೆ ಬಂದು, ಹೊರಗೆ ಹೋಗಿ, ಬಾಲದ ತುದಿ ಮುಗಿದ ಮೇಲೆ ಎಣಿಸಿ. ಶುರುವಿನಲ್ಲೇ ಎಣಿಸಿದರೆ ಉಳಿದ ಉಸಿರನ್ನು ಮನಸ್ಸು ನೋಡುವುದೇ ಇಲ್ಲ, ಎಣಿಸಿದ್ದಾಯಿತಲ್ಲ ಅಂತ ಹೊರಟುಬಿಡುತ್ತದೆ. ಎರಡನೆಯದು ದನ ಕಾಯುವವರ ಎಣಿಕೆ. ದೊಡ್ಡಿಯ ಬಾಗಿಲಲ್ಲಿ ನಿಂತು ಹೊರಬರುವ ದನಗಳನ್ನು ಬಂದ ಹಾಗೇ ಚಕಚಕನೆ ಎಣಿಸುವುದು. ಇದು ನಿಧಾನದ ಎಣಿಕೆ ನೆಲೆಗೊಂಡ ಮೇಲೆ.

ಹುಬ್ಬಳ್ಳಿ ಗಾಳಿ

ಲಾಭ ಅಂತ ಎಣಿಸೂದು ಮನಸಿಗೆ ನಾಟಿತ್ರೀ. ಆದ್ರ ನೋಡಾಕ ಹತ್ತಿದ ಕೂಡ್ಲೆ ಉಸಿರು ತಾನಾಗೇ ನಡಿಯೂದ ನಿಂತು, ನಾವ ಎಳದಂಗ ಆಗತೈತಿ. ಅದಕ್ಕೇನ್ ಮಾಡಬೇಕು?

ಅರಿವಿನ ಉಸಿರು

ಎಲ್ಲರಿಗೂ ಆಗುತ್ತದೆ. ಉಸಿರಿನ ಹಿಂದೆ ಮೂಗಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಓಡುವುದರಿಂದ ಹೀಗೆ. ಓಡುವುದು ಬಿಟ್ಟು ಒಂದು ಕಡೆ ನಿಲ್ಲಿ. ಹೊಳ್ಳೆಯ ಅಂಚು, ಮೇಲ್ತುಟಿಯ ಮೇಲಿನ ಪುಟ್ಟ ಜಾಗ ಸಾಕು. ಒಳಗೆ ಬರುವಾಗ ತಂಪು, ಹೋಗುವಾಗ ಬೆಚ್ಚಗೆ. ಮರ ಕೊಯ್ಯುವವರು ಗರಗಸದ ಹಲ್ಲು ಮರಕ್ಕೆ ತಾಗುವ ಜಾಗವನ್ನೇ ನೋಡುತ್ತಾರೆ, ಹೋಗಿ ಬರುವ ಹಲ್ಲುಗಳ ಹಿಂದೆ ಕಣ್ಣು ಓಡಿಸುವುದಿಲ್ಲ. ಆದರೂ ಹಲ್ಲು ಬಂದದ್ದು ಹೋದದ್ದು ಗೊತ್ತಿರುತ್ತದೆ. ಈ ಹೋಲಿಕೆಯೂ ಹಳೆಯ ಪಾಲಿ ಗ್ರಂಥಗಳದ್ದೇ. ಉಸಿರು ಬಿಟ್ಟ ಮೇಲೆ ಮುಂದಿನದನ್ನು ಕರೆಯಬೇಡಿ. ಅದು ಬರುವ ತನಕ ಕಾಯಿರಿ, ಬಂದೇ ಬರುತ್ತದೆ.

ಹುಬ್ಬಿನ ನಡುವೆ ಕಣ್ಣು ಏರಿಸಿ ಕೂರುವುದೂ ಬೇಡ. ತಲೆನೋವು ಬಂತು ಅನ್ನುವ ಬಹಳ ಮಂದಿ ಕಣ್ಣಿನ ಸ್ನಾಯು ಬಿಗಿ ಹಿಡಿದಿರುತ್ತಾರೆ.

ಮಂಡ್ಯದ ಭಾಗ್ಯ

ನನ್ನ ಹತ್ತಿರ ಕಲಿಯಲು ಬರುವ ಹೆಂಗಸರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಹಾಕುತ್ತೇನೆ, ಉತ್ತರವನ್ನೂ ಕೊಡುತ್ತೇನೆ.

ಕಾಲು ಜೋಮು ಹಿಡಿಯುತ್ತೆ: ಎತ್ತರ ಸಾಲದು, ಇಲ್ಲವೇ ಹಿಮ್ಮಡಿ ಇನ್ನೊಂದು ಕಾಲಿನ ನರವನ್ನು ಒತ್ತುತ್ತಿದೆ. ಒಂದು ಕಾಲಿನ ಮೇಲೆ ಇನ್ನೊಂದು ಹಾಕದೆ ಎರಡನ್ನೂ ನೆಲದ ಮೇಲೆ ಮುಂದೆ ಹಿಂದೆ ಇಡಿ. ಮಂಡಿನೋವು ಇರುವವರು ಕುರ್ಚಿಯಲ್ಲಿ ಕೂರಿ, ಅದರಿಂದ ಫಲ ಕಡಿಮೆಯೇನೂ ಆಗಲ್ಲ. ಪ್ಲಾಸ್ಟಿಕ್ ಕುರ್ಚಿಯ ಆಸನ ಹಿಂದಕ್ಕೆ ಇಳಿಜಾರಾಗಿರುತ್ತೆ, ಹಿಂಭಾಗಕ್ಕೆ ಮಡಿಸಿದ ಟವೆಲ್ ಹಾಕಿ ಸಮ ಮಾಡಿಕೊಳ್ಳಿ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತಾಗದಿದ್ದರೆ ಕೆಳಗೆ ಮಣೆ ಇಡಿ.

ಹೊಟ್ಟೆಯಿಂದ ಉಸಿರಾಡಿ ಅಂದರೆ ಹೊಟ್ಟೆಯನ್ನು ಮುಂದಕ್ಕೆ ದೂಡುತ್ತಾರೆ. ಅದು ಸ್ನಾಯುವಿನ ಕಸರತ್ತು, ಉಸಿರಲ್ಲ. ಕಲಿಯುವುದಕ್ಕೆ ಒಂದು ಉಪಾಯ: ರಾತ್ರಿ ಅಂಗಾತ ಮಲಗಿ, ಮಂಡಿ ಮಡಿಸಿ, ಹೊಕ್ಕುಳಿನ ಮೇಲೆ ಅರ್ಧ ಕೆಜಿ ಅಕ್ಕಿಯ ಪೊಟ್ಟಣ ಇಟ್ಟುಕೊಳ್ಳಿ. ಉಸಿರು ಎಳೆದಾಗ ಅದು ಒಂದೆರಡು ಅಂಗುಲ ಮೇಲೆ ಬಂದು, ಬಿಟ್ಟಾಗ ತಾನೇ ಇಳಿಯಬೇಕು. ಜಿಗಿದರೆ ದೂಡುತ್ತಿದ್ದೀರಿ ಅಂತ. ಎರಡು ವಾರ ಐದೈದು ನಿಮಿಷ ಮಾಡಿದರೆ ವಪೆಯ ಚಲನೆ ದೇಹಕ್ಕೆ ಅಭ್ಯಾಸವಾಗುತ್ತೆ. ಆಮೇಲೆ ಕೂತಾಗ ಕೈಗಳನ್ನು ಕೆಳಗಿನ ಪಕ್ಕೆಲುಬಿನ ಮೇಲಿಟ್ಟು ನೋಡಿ, ಪಕ್ಕೆ ಅಗಲಕ್ಕೆ ತೆರೆಯಬೇಕು. ಭುಜ ಏರಬಾರದು.

ಒಂದು ಹೊಳ್ಳೆ ಕಟ್ಟಿರುತ್ತೆ: ಇದು ಕಾಯಿಲೆಯಲ್ಲ. ಕೆಲವು ಗಂಟೆಗೊಮ್ಮೆ ಒಂದು ಹೊಳ್ಳೆಯ ಒಳಪದರ ಊದಿ ಇನ್ನೊಂದರದ್ದು ಇಳಿಯುತ್ತಾ ಇರುತ್ತೆ, ಇಡಾ (ಎಡ) ಪಿಂಗಳಾ (ಬಲ) ಅಂತ ಹಿರಿಯರು ಗುರುತಿಸಿದ್ದೂ ಈ ಸರದಿಯನ್ನೇ. ಎಡ ಹೊಳ್ಳೆ ಕಟ್ಟಿದ್ದರೆ ಐದು ನಿಮಿಷ ಬಲಮಗ್ಗುಲಾಗಿ ಮಲಗಿ, ಮೇಲಿರುವ ಹೊಳ್ಳೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತೆ. ಆದರೂ ತೆರೆಯದಿದ್ದರೆ ಆ ದಿನ ನಾಡಿಶೋಧನ ಬಿಟ್ಟು ಎರಡೂ ಹೊಳ್ಳೆಯಿಂದ ಮಾಡಿ. ಜಲನೇತಿ (ಉಪ್ಪುನೀರಿನಿಂದ ಮೂಗು ತೊಳೆಯುವುದು) ಮಾಡುವವರು ಅರ್ಧ ಲೀಟರ್ ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು ಹಾಕಿ, ಚಮಚದ ಲೆಕ್ಕದಲ್ಲಿ ಒಂದು ಸಣ್ಣ ಚಮಚಕ್ಕೆ ತುಸು ಕಡಿಮೆ. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತೆ. ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿ ನೀರು, ಬೋರ್ ನೀರು ಹಾಗೇ ಹಾಕಬೇಡಿ. ಅಪರೂಪವಾದರೂ ಪ್ರಾಣಕ್ಕೇ ಅಪಾಯ ತರುವ ಅಮೀಬಾ ಮೂಗಿನ ದಾರಿಯಲ್ಲಿ ಮೆದುಳಿಗೆ ಹೋಗಬಲ್ಲದು.

ನಿದ್ದೆ ಬರುತ್ತೆ: ಕಣ್ಣು ಅರ್ಧ ತೆರೆದು ಒಂದು ಮಾರು ದೂರದ ನೆಲ ನೋಡಿ. ಆಗಲೂ ಬಂದರೆ ಎದ್ದು ನಿಂತು ಅದೇ ಎಣಿಕೆ ಮುಂದುವರಿಸಿ. ವಾರಗಟ್ಟಲೆ ಹೀಗೇ ಆದರೆ ರಾತ್ರಿಯ ನಿದ್ದೆ ಸಾಲುತ್ತಿಲ್ಲ, ಮೊದಲು ಅದನ್ನು ಸರಿಮಾಡಿ.

ತುಂಗಾತೀರ

ಭಾಗ್ಯ ಮೇಡಂ, ಅಕ್ಕಿ ಪೊಟ್ಟಣದ ಉಪಾಯವನ್ನು ನನ್ನ ಕ್ರಮಕ್ಕೂ ಸೇರಿಸಿಕೊಳ್ಳುತ್ತೇನೆ. ಯಾರು ಎಚ್ಚರಿಕೆಯಿಂದಿರಬೇಕು ಅನ್ನುವುದನ್ನೂ ಬರೆಯಿರಿ ಯಾರಾದರೂ.

ಉಸಿರಿನ ಲೆಕ್ಕ

ಅಧಿಕ ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ, ಗ್ಲಾಕೋಮಾ ಇರುವವರು ಮತ್ತು ಗರ್ಭಿಣಿಯರು ಕುಂಭಕವನ್ನಾಗಲಿ, ಭಸ್ತ್ರಿಕಾ, ಕಪಾಲಭಾತಿಯಂಥ ರಭಸದ ಉಸಿರಾಟವನ್ನಾಗಲಿ ಮಾಡಬಾರದು. ಇಲ್ಲಿ ಹೇಳಿದ ಮೆಲುವಾದ 3:4 ಉಸಿರನ್ನೂ ವೈದ್ಯರಿಗೆ ತಿಳಿಸಿಯೇ ಶುರು ಮಾಡಿ. ಉಬ್ಬಸ ಇರುವವರು ಇನ್ಹೇಲರ್ ನಿಲ್ಲಿಸಬೇಡಿ. ಬಿ.ಪಿ. ಮಾತ್ರೆಯೂ ಅಷ್ಟೇ, ಧ್ಯಾನ ಅದಕ್ಕೆ ಬದಲಿಯಲ್ಲ.

ಇನ್ನೊಂದು ಮಾತು ಕಡಿಮೆ ಜನ ಹೇಳುತ್ತಾರೆ. ಪ್ಯಾನಿಕ್ ಅಟ್ಯಾಕ್ ಆಗುವವರಿಗೆ, ದೊಡ್ಡ ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚಿ ಉಸಿರನ್ನೇ ನೋಡುವುದು ಕೆಲವೊಮ್ಮೆ ಭಯವನ್ನು ಹೆಚ್ಚಿಸುತ್ತದೆ. ಆಗ ಛಲದಿಂದ ಕೂರಬಾರದು. ಕಣ್ಣು ತೆರೆದು, ಅಂಗಾಲು ನೆಲಕ್ಕೆ ತಾಗಿರುವುದನ್ನೋ ಅಂಗೈ ತೊಡೆಯ ಮೇಲಿರುವುದನ್ನೋ ಗಮನಿಸಿ, ಉಸಿರು ಬೇಡ. ಎದ್ದು ನಡೆದರೂ ತಪ್ಪಿಲ್ಲ. ಸಂಕಟ ದಿನಗಟ್ಟಲೆ ಉಳಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹುಬ್ಬಳ್ಳಿ ಗಾಳಿ

ಕಡೀ ಪ್ರಶ್ನೆ. ಇದು ಕೆಲಸ ಮಾಡಾಕತ್ತೈತಿ ಅಂತ ಹೆಂಗ ತಿಳೀಬೇಕು? ಕೂತಾಗ ಶಾಂತ ಅನಸೂದ ಇಲ್ಲಲ್ರೀ, ವಿಚಾರ ಇನ್ನೂ ಜಾಸ್ತಿ ಬಂದಂಗ ಆಗತಾವು.

ಅರಿವಿನ ಉಸಿರು

ವಿಚಾರ ಜಾಸ್ತಿ ಬರುವುದಿಲ್ಲ, ಮೊದಲೂ ಅಷ್ಟೇ ಬರುತ್ತಿತ್ತು, ಈಗ ಕಾಣುತ್ತಿದೆ. ಕೂತ ಹೊತ್ತಿನ ಸುಖವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಎಣಿಕೆ ಎಲ್ಲಿ ತಪ್ಪಿತು ಅನ್ನುವುದು ಎಷ್ಟು ಬೇಗ ಗೊತ್ತಾಗುತ್ತದೆ, ಅದನ್ನು ನೋಡಿ. ಮೊದಲ ವಾರ ಮೂರು ನಿಮಿಷ ಎಲ್ಲೋ ಸುತ್ತಾಡಿ ಆಮೇಲೆ ನೆನಪಾಗುತ್ತದೆ. ತಿಂಗಳು ಕಳೆದ ಮೇಲೆ ಅದು ಮೂರು ಉಸಿರಿಗೆ ಇಳಿದಿರಬಹುದು. ತಪ್ಪಿದ್ದು ತಿಳಿದ ಕೂಡಲೇ ಬೈದುಕೊಳ್ಳದೆ ಮತ್ತೆ "ಲಾಭ"ದಿಂದ ಶುರು ಮಾಡಿ. ಆ ವಾಪಸ್ ಬರುವುದೇ ಅಭ್ಯಾಸ. ಕೋಪ ಬಂದಾಗ, ಮಾತು ಬಾಯಿಗೆ ಬರುವ ಮೊದಲು ಒಂದು ಉಸಿರಿನಷ್ಟು ಜಾಗ ಸಿಗತೊಡಗಿದರೆ, ನೆಮ್ಮದಿ ಅನ್ನುವುದು ಅಲ್ಲಿಂದ ಶುರುವಾಗುತ್ತದೆ. ಅದನ್ನು ಮನೆಯವರು ನಮಗಿಂತ ಮೊದಲು ಗುರುತಿಸುತ್ತಾರೆ.

ಮೈಸೂರು ಮಣೆ

ಒಂದು ದಿನ ತಪ್ಪಿದರೆ ಮರುದಿನ 40 ನಿಮಿಷ ಕೂರಬೇಡಿ, ಅದೇ 20. ಊರಿಗೆ ಹೋದಾಗ, ಮದುವೆ ಮನೆಯಲ್ಲಿದ್ದಾಗ 5 ನಿಮಿಷವಾದರೂ ಅದೇ ಹೊತ್ತಿಗೆ ಕೂರಿ. ಆಗ ನಾಡಿಶೋಧನ ಬಿಡಿ, ಎಣಿಕೆಯನ್ನು ಉಳಿಸಿಕೊಳ್ಳಿ.

ಹುಬ್ಬಳ್ಳಿ ಗಾಳಿ

ಆತ್ರೀ. ಇವತ್ತ ರಾತ್ರಿ ಅಕ್ಕಿ ಪೊಟ್ಟಣ, ನಾಳೆ ಮುಂಜಾನಿಂದ 3:4.